ವಾಗ್ದತ್ತ ಭೂಮಿಯ ಪಹಣಿ

(ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥ. ನಾಗರಕಲ್ಲುಗಳ ಪಕ್ಕದ ಕಟ್ಟೆಯ ಮೇಲೆ ನಿವೃತ್ತ ಕನ್ನಡ ಮೇಷ್ಟ್ರೊಬ್ಬರೂ ಪಾಸ್ಟರ್ ಒಬ್ಬರೂ ಕೂತಿದ್ದಾರೆ.)

ಮೇಷ್ಟ್ರು: ಈ ಜಾಗಕ್ಕೆ ವಿದುರನ ಹೆಸರಿದೆ ಪಾಸ್ಟರ್. ಪಾಂಡವರ ಪಾಲು ಪಾಂಡವರಿಗೆ ಕೊಟ್ಟುಬಿಡು ಎಂದು ಧೃತರಾಷ್ಟ್ರನಿಗೆ ಬುದ್ಧಿ ಹೇಳಿ ನಿಷ್ಠುರ ಕಟ್ಟಿಕೊಂಡವನು ಅವನು. ಸೂಜಿಮೊನೆಯಷ್ಟು ನೆಲವನ್ನೂ ಬಿಡೆನೆಂಬ ಹಟಕ್ಕೆ ಒಂದು ವಂಶವೇ ಅಳಿಯಿತು. ಅದನ್ನು ಪಾಠ ಮಾಡಿದ ನನಗೆ, ‘ಈ ನೆಲ ನಮಗೆ ದೇವರೇ ಕೊಟ್ಟದ್ದು’ ಎಂದು ಯಾರಾದರೂ ಅಂದರೆ ಭಯವಾಗುತ್ತದೆ. ಕಾನಾನ್ ದೇಶ ಅಬ್ರಹಾಮನಿಗೂ ಅವನ ಸಂತತಿಗೂ ಶಾಶ್ವತ ಸ್ವಾಸ್ತ್ಯ ಎಂದು ನಿಮ್ಮ ಆದಿಕಾಂಡದಲ್ಲಿದೆ. ಶಾಶ್ವತ ಅಂದಮೇಲೆ ಇನ್ನು ಪ್ರಶ್ನೆ ಕೇಳುವವರು ಯಾರು?

ಪಾಸ್ಟರ್: ಪ್ರವಾದಿಗಳೇ ಕೇಳಿದರು ಮೇಷ್ಟ್ರೇ. ಅವರಿಗೆ ಆಧಾರ ಯಾಜಕಕಾಂಡದ 25ನೇ ಅಧ್ಯಾಯ. ನೆಲ ದೇವರದು, ಇಸ್ರಾಯೇಲರು ಅದರಲ್ಲಿ ತಂಗಿರುವ ಪರದೇಶಿಗಳು, ಆದ್ದರಿಂದ ಅದನ್ನು ಶಾಶ್ವತವಾಗಿ ಮಾರಕೂಡದು ಎಂದು ಅಲ್ಲಿ ವಿಧಿಸಿದೆ. 50ನೇ ವರ್ಷ, ಜೂಬಿಲಿ ಸಂವತ್ಸರದಲ್ಲಿ, ಕೈಬಿಟ್ಟ ಹೊಲ ಮೂಲ ಮನೆತನಕ್ಕೆ ಹಿಂದಿರುಗಬೇಕು. ಜೂಬಿಲಿಗೆ ಇನ್ನೆಷ್ಟು ಬೆಳೆ ಉಳಿದಿದೆ ಎಂದು ಎಣಿಸಿಯೇ ಬೆಲೆ ಕಟ್ಟಬೇಕು. ಅಂದರೆ ಕೈಬದಲಾಗುವುದು ಬೆಳೆ, ನೆಲವಲ್ಲ. ನಮ್ಮ ಕಡೆ ಭೋಗ್ಯಕ್ಕೆ ಹಾಕಿದಂತೆ. ವಾಗ್ದಾನ ಶಾಶ್ವತವೇ, ಆದರೆ ಸ್ವಾಧೀನಕ್ಕೆ ಷರತ್ತಿದೆ. ಹೊಲಕ್ಕೆ ಹೊಲ ಸೇರಿಸಿಕೊಳ್ಳುವವರನ್ನು ಯೆಶಾಯನೂ ಮೀಕನೂ ಶಪಿಸಿದ್ದು ಈ ಷರತ್ತು ಮುರಿದದ್ದಕ್ಕೆ. ನಾಬೋತನ ದ್ರಾಕ್ಷಿತೋಟಕ್ಕೆ ಅರಸ ಅಹಾಬ ಹಣ ಕೊಡುತ್ತೇನೆಂದ, ಅದಕ್ಕಿಂತ ಒಳ್ಳೆಯ ತೋಟ ಕೊಡುತ್ತೇನೆಂದ. ಪಿತ್ರಾರ್ಜಿತ ಬಿಡಲಾರೆ ಅಂದವನ ಮೇಲೆ ಸುಳ್ಳುಸಾಕ್ಷಿ ಹೂಡಿ ಕಲ್ಲೆಸೆದು ಕೊಂದರು. ಎಲೀಯ ಪ್ರವಾದಿ ಆ ತೋಟದಲ್ಲೇ ಅರಸನನ್ನು ತಡೆದು ಅವನ ವಂಶಕ್ಕೆ ನಾಶ ನುಡಿದ. ಅಹಾಬನೂ ಅಬ್ರಹಾಮನ ಸಂತತಿಯೇ. ಸ್ವಾಸ್ತ್ಯದ ಪರವಾಗಿ ನಿಂತವನು ಮಾತ್ರ ನಾಬೋತ.

ಮೇಷ್ಟ್ರು: ಅದು ಮನೆಯೊಳಗಿನ ನ್ಯಾಯ ಆಯಿತು. ಹೊರಗಿನವರಿಗೆ? ಯೆರಿಕೋ ಪಟ್ಟಣದಲ್ಲಿ ಮುದುಕರು ಮಕ್ಕಳೆನ್ನದೆ ಕೊಂದರೆಂದು ಯೆಹೋಶುವನ ಗ್ರಂಥ ಹೇಳುತ್ತದೆ. ಇಂದಿಗೂ ಅದೇ ನೆಲದಲ್ಲಿ ಅದೇ ವಚನ ಹಿಡಿದು ಮನೆ ಬಿಡಿಸುವವರಿದ್ದಾರೆ.

ಪಾಸ್ಟರ್: ಆ ಪುಟಗಳಿಗೆ ಸಮರ್ಥನೆ ಹುಡುಕಲು ನಾನು ಹೋಗುವುದಿಲ್ಲ. ಅವು ಅಲ್ಲಿವೆ, ಓದುವಾಗ ಎದೆ ಹಿಂಡುತ್ತದೆ. ಆದರೆ ಬೈಬಲ್ ಅಲ್ಲಿಗೆ ಮುಗಿಯುವುದಿಲ್ಲ. ನಿಮ್ಮನ್ನು ಐಗುಪ್ತದಿಂದ ತಂದಂತೆ ಫಿಲಿಷ್ಟಿಯರನ್ನೂ ಅರಾಮ್ಯರನ್ನೂ ಅವರವರ ನೆಲಕ್ಕೆ ತಂದವನು ನಾನೇ ಎಂದು ಆಮೋಸನ ಬಾಯಲ್ಲಿ ದೇವರು ಹೇಳುತ್ತಾನೆ. ಶತ್ರುಗಳಿಗೂ ಒಂದು ವಿಮೋಚನೆಯ ಕಥೆ ಇತ್ತು ಎಂದಾಯಿತು. ಯೆಹೆಜ್ಕೇಲ ಬಾಬೆಲಿನ ಸೆರೆಯಲ್ಲಿ ಕೂತು ನಾಡನ್ನು ಮತ್ತೆ ಹಂಚುವ ದರ್ಶನ ಕಂಡ. ಆ 47ನೇ ಅಧ್ಯಾಯದ ಕೊನೆಯಲ್ಲಿ, ನಿಮ್ಮ ನಡುವೆ ನೆಲೆಸಿ ಮಕ್ಕಳನ್ನು ಪಡೆದ ಪರದೇಶಿಗೂ ಅವನಿರುವ ಕುಲದಲ್ಲೇ ಪಾಲು ಕೊಡಿ ಎಂಬ ಅಪ್ಪಣೆ ಇದೆ. ನೆಲ ಕಳೆದುಕೊಂಡವನು ನೆಲದ ಕನಸು ಕಾಣುವಾಗ ಪರಕೀಯನಿಗೂ ಪಾಲಿಟ್ಟ. ವಾಗ್ದಾನವನ್ನು ಅಳೆಯಬೇಕಾದ್ದು ಈ ಕೋಲಿನಿಂದ. ಒಕ್ಕಲೆಬ್ಬಿಸಲು ಅದನ್ನು ಬಳಸುವವನು ಅಹಾಬನ ಸಾಲಿನವನು.

ಮೇಷ್ಟ್ರು: ನಿಮ್ಮವರು ಎಷ್ಟೋ ಜನ ವಾಗ್ದತ್ತ ದೇಶ ಅಂದರೆ ಸ್ವರ್ಗ ಅಂದುಬಿಡುತ್ತಾರೆ. ಜಮೀನಿಲ್ಲದ ಕೂಲಿಗೆ ಅದರಿಂದೇನು?

ಪಾಸ್ಟರ್: ಇಬ್ರಿಯರಿಗೆ ಬರೆದ ಪತ್ರ ಪರಲೋಕದ ಪಟ್ಟಣದ ಮಾತಾಡುತ್ತದೆ, ನಿಜ. ಅದನ್ನು ನಾನು ನಂಬುತ್ತೇನೆ. ಆದರೆ ಯೆರೆಮೀಯ ಕೊಂಡದ್ದು ಮಣ್ಣಿನ ಹೊಲ. ಯೆರೂಸಲೇಮಿಗೆ ಬಾಬೆಲಿನವರ ಮುತ್ತಿಗೆ. ಪ್ರವಾದಿ ಅರಮನೆಯ ಕಾವಲಿನಲ್ಲಿ ಬಂದಿ. ಆಗ ಅನಾತೋತಿನ ಹೊಲಕ್ಕೆ 17 ಶೆಕೆಲ್ ಬೆಳ್ಳಿ ತೂಗಿ ಕೊಟ್ಟ, ಸಾಕ್ಷಿ ಹಾಕಿಸಿದ, ಮುದ್ರೆ ಒತ್ತಿದ ಕ್ರಯಪತ್ರವನ್ನೂ ತೆರೆದ ಪ್ರತಿಯನ್ನೂ ಮಣ್ಣಿನ ಪಾತ್ರೆಯಲ್ಲಿ ಇಡಿಸಿದ. ಪಟ್ಟಣ ಬೀಳುತ್ತದೆಂದು ಸಾರುತ್ತಿದ್ದವನೇ, ಈ ನಾಡಿನಲ್ಲಿ ಮತ್ತೆ ಮನೆ, ಹೊಲ, ದ್ರಾಕ್ಷಿತೋಟ ಕೊಳ್ಳುವ ಕಾಲ ಬರುತ್ತದೆ ಎಂದು ಹಣ ಕೊಟ್ಟು ತೋರಿಸಿದ.

ಮೇಷ್ಟ್ರು: ನಮ್ಮಲ್ಲೂ ಅಂಥದೊಂದು ಬರಹ ಇದೆ. 1978ರ ಪಿಟಿಸಿಎಲ್ ಕಾಯ್ದೆ. ಪರಿಶಿಷ್ಟರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು ಷರತ್ತು ಮುರಿದು ಪರಭಾರೆ ಮಾಡಿದ್ದರೆ ಅದು ಅಸಿಂಧು. ಉಪವಿಭಾಗಾಧಿಕಾರಿ, ಅಂದರೆ ಎಸಿ, ಅದನ್ನು ಬಿಡಿಸಿ ಮೂಲ ಮಂಜೂರುದಾರನಿಗೋ ವಾರಸುದಾರರಿಗೋ ಕೊಡಿಸಬಹುದು. 1984ರಲ್ಲಿ ಸುಪ್ರೀಂ ಕೋರ್ಟು ಇದನ್ನು ಎತ್ತಿಹಿಡಿಯಿತು. ಆದರೆ ಆಸ್ಪತ್ರೆ ಖರ್ಚಿಗೆ ತುರ್ತಾಗಿ ದುಡ್ಡು ಬೇಕಾದ ಬಡವನಿಗೆ ‘ಮಾರಬೇಡ’ ಅನ್ನುವುದೂ ಒಂದು ಸಂಕೋಲೆಯಲ್ಲವೇ?

ಪಾಸ್ಟರ್: ಸಂಕೋಲೆ ಹೌದು, ಅವನನ್ನು ಒಂಟಿಯಾಗಿ ಬಿಟ್ಟರೆ. ಅದಕ್ಕೇ ಯಾಜಕಕಾಂಡ ಮಾರಾಟ ತಡೆದು ಸುಮ್ಮನಾಗಲಿಲ್ಲ. ಬಂಧು ಬಂದು ಹೊಲ ಬಿಡಿಸಿಕೊಡಬೇಕು, ಕೈಸೋತವನಿಗೆ ಬಡ್ಡಿಯಿಲ್ಲದೆ ಸಾಲ ಕೊಡಬೇಕು ಎಂದು ಅದೇ ಅಧ್ಯಾಯದಲ್ಲಿ ಸೇರಿಸಿತು. ನಾವು ತಡೆಯನ್ನಷ್ಟೇ ಕಾನೂನು ಮಾಡಿ ಬಂಧುವಿನ ಕೆಲಸವನ್ನು ಯಾರಿಗೂ ವಹಿಸಲಿಲ್ಲ. ಭೂಸುಧಾರಣಾ ಕಾಯ್ದೆಗೆ 2020ರಲ್ಲಿ ತಿದ್ದುಪಡಿಯಾದ ಮೇಲೆ ಬೇಸಾಯಗಾರನಲ್ಲದವನೂ ಕೃಷಿಭೂಮಿ ಕೊಳ್ಳಬಹುದು. ಬೆಂಗಳೂರಿನ ದುಡ್ಡು ನಂದಿಬೆಟ್ಟ ದಾಟಿ ಬರುವಾಗ ಸಣ್ಣ ಹಿಡುವಳಿದಾರ ಎಷ್ಟು ದಿನ ತಡೆದಾನು? ವಾಗ್ದತ್ತ ದೇಶದ ಮೇಲೆ ಪ್ರಸಂಗ ಮಾಡುವ ಪ್ರತಿಯೊಬ್ಬ ಸಭಾಪಾಲಕನನ್ನೂ ನಾನು ಕೇಳಿಕೊಳ್ಳುವುದು ಇಷ್ಟೆ: ನಿಮ್ಮ ಸಭೆಯಲ್ಲಿ ಮಂಜೂರಾತಿ ಜಮೀನು ಯಾರಿಗಿದೆ ಕೇಳಿ, ಅವರ ಪಹಣಿ ಯಾರ ಹೆಸರಿನಲ್ಲಿದೆ ನೋಡಿ, ಎಸಿ ಕೋರ್ಟಿನಲ್ಲಿ ಅವರ ಅರ್ಜಿ ವಿಚಾರಣೆಗೆ ಬಂದ ದಿನ ಅವರ ಜೊತೆ ಹೋಗಿ ನಿಲ್ಲಿ.