ಕೈಗುಣ ಮತ್ತು ಗೋಡೆ ಮೇಲಿನ ಫ್ರೇಮು

ನಮ್ಮ ಕಡೆ ಒಬ್ಬ ಡಾಕ್ಟರಿಗೆ ಜನ ಕೊಡುವ ಅತಿ ದೊಡ್ಡ ಸರ್ಟಿಫಿಕೇಟು ಯಾವುದು ಗೊತ್ತಾ? "ಅವ್ರ ಕೈಗುಣ ಚೆನ್ನಾಗದೆ" ಅನ್ನೋದು. ಎಲ್ಲಿ ಓದಿದ್ರು, ಎಂಬಿಬಿಎಸ್ಸೋ ಎಂಡಿಯೋ, ಯಾರೂ ಕೇಳಲ್ಲ. ಅವರು ಮುಟ್ಟಿದ್ರೆ ವಾಸಿಯಾಗುತ್ತೆ, ಅಷ್ಟೇ ಲೆಕ್ಕ. ಬೆಂಗಳೂರಿಗೆ ಬಂದ ಮೇಲೆ ಕೈಗುಣ ಅನ್ನೋ ಪದ ನಮ್ಮ ಬಾಯಿಂದ ಜಾರಿಹೋಯ್ತು, ಅಭ್ಯಾಸ ಮಾತ್ರ ಹೋಗಲಿಲ್ಲ. ಈಗ ಆಪ್ ತೆಗೆದು 4.8 ಸ್ಟಾರ್ ಇರೋ ಡಾಕ್ಟರನ್ನ ಹುಡುಕ್ತೀವಿ. ಅದೂ ಕೈಗುಣವೇ, ಅಂಕಿಯಲ್ಲಿ ಬರೆದಿದ್ದಾರೆ ಅಷ್ಟೇ.

ಹಾಗಾದ್ರೆ ಗೋಡೆ ಮೇಲೆ ಫ್ರೇಮ್ ಹಾಕಿಸಿ ತೂಗುಹಾಕಿರುವ ಆ ಡಿಗ್ರಿ ಯಾಕೆ? ನನಗೆ ವಾಸಿಯಾಯ್ತು ಅನ್ನೋ ಅನುಭವಕ್ಕಿಂತ, ಯಾರೋ ಅಪರಿಚಿತರು ಪರೀಕ್ಷೆ ಮಾಡಿ ಕೊಟ್ಟ ಕಾಗದವನ್ನ ನಾನು ಯಾಕೆ ಹೆಚ್ಚು ನಂಬಬೇಕು? ನಮ್ಮ ಮನೆಯಲ್ಲಿ ಈ ಪ್ರಶ್ನೆ ಬರೀ ಚರ್ಚೆಗೆ ಅಂತ ಬಂದಿದ್ದಲ್ಲ, ಅಜ್ಜಿಯ ಮಂಡಿನೋವಿನ ಜೊತೆ ಬಂತು.

ಮಂಡ್ಯ ಜಿಲ್ಲೆಯ ನಮ್ಮೂರಲ್ಲಿ ಒಬ್ಬರಿದ್ದಾರೆ. ಮೊದಲು ತಾಲ್ಲೂಕಿನ ಡಾಕ್ಟರೊಬ್ಬರ ಹತ್ತಿರ ಕಾಂಪೌಂಡರ್ ಆಗಿದ್ದವರು, ಆಮೇಲೆ ಊರಿಗೆ ಬಂದು ತಾವೇ ಒಂದು ರೂಮಲ್ಲಿ ಇಂಜೆಕ್ಷನ್ ಕೊಡೋಕೆ ಶುರು ಮಾಡಿದ್ರು. ಊರಿನವರಿಗೆ ಅವರೇ ಡಾಕ್ಟ್ರು, ನಮ್ಮ ಮನೆಯಲ್ಲಿ ಕಾಂಪೌಂಡರ್ ಅಣ್ಣ. ಇನ್ನೊಬ್ಬರು ಹೋಬಳಿಯಲ್ಲಿ ಕ್ಲಿನಿಕ್ ಇಟ್ಟಿರುವ ಎಂಬಿಬಿಎಸ್ ಡಾಕ್ಟ್ರು. ಮಾತು ಕಮ್ಮಿ, ಬೈಗುಳ ಜಾಸ್ತಿ, ಸಂಜೆ ಎಂಟಕ್ಕೆ ಬಾಗಿಲು.

ಅಜ್ಜಿ ಮಂಡಿನೋವಿಗೆ ಕಾಂಪೌಂಡರ್ ಅಣ್ಣ ಕಾಗದದಲ್ಲಿ ಸುತ್ತಿದ ಸಣ್ಣ ಬಿಳಿ ಮಾತ್ರೆ ಕೊಟ್ರು. ಎರಡೇ ದಿನಕ್ಕೆ ಅಜ್ಜಿ ಎದ್ದು ಕೊಟ್ಟಿಗೆಗೆ ಹೋದ್ಲು. "ಅವನ ಕೈಗುಣ ಚೆನ್ನಾಗದೆ ಕಣ್ ಮಗ" ಅಂತ ಫೋನಲ್ಲಿ ನನಗೆ ಹೇಳಿದ್ಲು. ಹಾಗೇ ಏಳೆಂಟು ತಿಂಗಳು ನಡೀತು. ಅಜ್ಜಿ ಮುಖ ದುಂಡಗಾಯ್ತು. ಊರಿನವರು "ಅಜ್ಜಿ ಮೈಕೈ ತುಂಬ್ಕಂಡವ್ಳೆ" ಅಂತ ಖುಷಿಪಟ್ರು.

ಕಾಲಿನ ಗಾಯವೊಂದು ಒಣಗಲೇ ಇಲ್ಲ ಅಂತ ಅಪ್ಪ ಹೋಬಳಿ ಡಾಕ್ಟರ ಹತ್ತಿರ ಕರ್ಕೊಂಡು ಹೋದಾಗ ಅವರು ಮೊದಲು ನೋಡಿದ್ದು ಮುಖವನ್ನ. "ಯಾವ ಮಾತ್ರೆ ತಗೋತಾ ಇದ್ದೀರವ್ವಾ?" ಅಂತ ಕೇಳಿದ್ರು. ಸಕ್ಕರೆ ಪರೀಕ್ಷೆ ಮಾಡಿಸಿದ್ರು, ಏರಿತ್ತು. ಆ ಬಿಳಿ ಮಾತ್ರೆ ಸ್ಟೀರಾಯ್ಡು. ಅಪ್ಪ ಸಿಟ್ಟಲ್ಲಿ "ಇವತ್ತಿಂದಲೇ ನಿಲ್ಲಿಸ್ಬಿಡ್ತೀವಿ" ಅಂದ್ರೆ, ಡಾಕ್ಟ್ರು ಅದಕ್ಕಿಂತ ಜೋರಾಗಿ "ನಿಲ್ಲಿಸಿದ್ರೆ ಸಾಯ್ತಾರೆ, ನಾನು ಹೇಳಿದ ಹಾಗೆ ಮಾಡಿ" ಅಂದ್ರು. ಆಮೇಲೆ ಒಂದು ಚೀಟಿ ಬರೆದುಕೊಟ್ರು. ಅದೇ ಜಾತಿಯ ಮಾತ್ರೆ, ವಾರ ವಾರ ಒಂದಿಷ್ಟು ಕಮ್ಮಿ.

ಕಾರಣ ಇಷ್ಟು. ಮೂತ್ರಪಿಂಡಗಳ ಮೇಲೆ ಅಡ್ರಿನಲ್ ಅನ್ನೋ ಪುಟ್ಟ ಗ್ರಂಥಿಗಳಿವೆ. ದೇಹಕ್ಕೆ ಬೇಕಾದ ಕಾರ್ಟಿಸಾಲನ್ನ ತಯಾರಿಸೋದು ಅವೇ. ಹೊರಗಿನಿಂದ ಅದೇ ಬಗೆಯ ಔಷಧ ತಿಂಗಳುಗಟ್ಟಲೆ ಬಂದ್ರೆ ಅವು ಕೆಲಸ ನಿಲ್ಲಿಸುತ್ತವೆ. ಆಗ ಮಾತ್ರೆಯನ್ನ ಥಟ್ಟನೆ ಬಿಟ್ರೆ ದೇಹದ ಹತ್ತಿರ ತನ್ನದೂ ಇರಲ್ಲ, ಹೊರಗಿನದೂ ಇರಲ್ಲ. ಬಿಪಿ ಕುಸಿದು ಪ್ರಾಣಕ್ಕೇ ಬರಬಹುದು. ಇಳಿಸುತ್ತಾ ಹೋದ್ರೆ ಗ್ರಂಥಿಗಳು ಮತ್ತೆ ಎಚ್ಚರವಾಗೋಕೆ ಸಮಯ ಸಿಗುತ್ತೆ.

ಮಾತ್ರೆ ಶುರು ಮಾಡೋದನ್ನ ಪಕ್ಕದಲ್ಲಿ ನಿಂತು ನೋಡಿದ್ರೂ ಕಲೀಬಹುದು. ಕಾಂಪೌಂಡರ್ ಅಣ್ಣ ಕಲಿತಿದ್ದು ಹಾಗೇ. ಯಾವಾಗ ನಿಲ್ಲಿಸಬೇಕು, ಹೇಗೆ ನಿಲ್ಲಿಸಬೇಕು, ಯಾವುದು ತನ್ನ ಕೈಮೀರಿದ್ದು ಅನ್ನೋದು ಹಾಗೆ ನೋಡಿ ಬರಲ್ಲ. ನಾಲ್ಕೂವರೆ ವರ್ಷದ ಎಂಬಿಬಿಎಸ್, ಒಂದು ವರ್ಷದ ಇಂಟರ್ನ್‌ಶಿಪ್ ಕೊಡೋದು ಮುಖ್ಯವಾಗಿ ಇದನ್ನೇ ಅಂತ ನನಗನ್ನಿಸುತ್ತೆ.

ನಮ್ಮ ಫೀಲ್ಡಿನ ಸ್ನೇಹಿತರು ಇಲ್ಲಿ ಒಂದು ವಾದ ಹೂಡ್ತಾರೆ. "ಡಿಗ್ರಿ ಇಲ್ಲದವನೂ ಒಳ್ಳೆ ಕೋಡ್ ಬರೀತಾನಲ್ಲ ಗುರೂ? ನಿನ್ನ ಬಿಇ ಸರ್ಟಿಫಿಕೇಟನ್ನ ಯಾರು ಕೇಳ್ತಾರೆ?" ನಿಜ, ಯಾರೂ ಕೇಳಲ್ಲ. ಯಾಕಂದ್ರೆ ಕೇಳೋ ಅಗತ್ಯವಿಲ್ಲ. ನಾನು ಬರೆದದ್ದನ್ನ ಇನ್ನೊಬ್ಬರು ರಿವ್ಯೂ ಮಾಡ್ತಾರೆ, ಟೆಸ್ಟ್ ಓಡುತ್ತೆ, ಕೆಟ್ಟರೆ ಅವತ್ತೇ ಗೊತ್ತಾಗುತ್ತೆ, ಹಿಂದಿನ ವರ್ಷನ್‌ಗೆ ವಾಪಸ್ ಹೋಗಬಹುದು. ನನ್ನ ಕೆಲಸದ ಫಲಿತಾಂಶ ಬಹುಮಟ್ಟಿಗೆ ನಿಜ ಹೇಳುತ್ತೆ.

ವೈದ್ಯದಲ್ಲಿ ಫಲಿತಾಂಶ ಎಷ್ಟೋ ಸಲ ಸುಳ್ಳು ಹೇಳುತ್ತೆ. ಸ್ಟೀರಾಯ್ಡ್ ಎರಡೇ ದಿನಕ್ಕೆ ನೋವು ಕಮ್ಮಿ ಮಾಡಿ, ಏಳು ತಿಂಗಳು ಬಿಟ್ಟು ಬೆಲೆ ಕೇಳುತ್ತೆ. ಇನ್ನೊಂದು ಕಡೆ, ಮಾಮೂಲಿ ವೈರಲ್ ಜ್ವರ, ನೆಗಡಿ, ಎಷ್ಟೋ ಭೇದಿ ಕೆಲವೇ ದಿನಗಳಲ್ಲಿ ತಾವಾಗೇ ಹೋಗ್ತವೆ. ಮೂರನೇ ದಿನ ಯಾರ ಹತ್ತಿರ ಹೋದ್ರೂ ಐದನೇ ದಿನ ಅವರ ಕೈಗುಣ ಚೆನ್ನಾಗಿರುತ್ತೆ! ಅಂದ್ರೆ ರೋಗಿಯ ಅನುಭವ ಪ್ರಾಮಾಣಿಕವಾಗೇ ಇರುತ್ತೆ, ಅದರಿಂದ ಅವನು ತೆಗೆದ ತೀರ್ಮಾನ ಮಾತ್ರ ತಪ್ಪಿರಬಹುದು. ಫಲಿತಾಂಶ ನೋಡಿ ಅಳೆಯೋಕೆ ಆಗದ ಕಡೆ, ದಾರಿ ಸರಿಯಿದೆಯಾ ಅಂತ ಗೊತ್ತಿರುವವರು ಮೊದಲೇ ಪರೀಕ್ಷೆ ಮಾಡಿರಬೇಕಾಗುತ್ತೆ. ಡಿಗ್ರಿಯ ನೈತಿಕ ಅರ್ಥ ಅದೇ ಅಂದ್ಕೊಂಡಿದ್ದೀನಿ: ನನ್ನ ಕೈಲಿ ಕೇಳೋಕಾಗದ ಪ್ರಶ್ನೆಗಳನ್ನ ನನ್ನ ಪರವಾಗಿ ಯಾರೋ ಕೇಳಿದ್ದಾರೆ.

ಕಾನೂನು ಕೂಡ ಇದನ್ನೇ ಹಿಡಿದಿದೆ. ಹೋಮಿಯೋಪತಿ ಓದಿದ ಒಬ್ಬರು ಜ್ವರದ ರೋಗಿಗೆ ಅಲೋಪತಿ ಔಷಧ ಕೊಟ್ಟು, ರೋಗಿ ತೀರಿಹೋದ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1996ರಲ್ಲಿ 3 ಲಕ್ಷ ರೂಪಾಯಿ ಪರಿಹಾರ ಕೊಡಿಸಿತು. ತಾನು ಕಲಿಯದ ಪದ್ಧತಿಯಲ್ಲಿ ಚಿಕಿತ್ಸೆ ಮಾಡೋದೇ ನಿರ್ಲಕ್ಷ್ಯ ಅಂತ ಹೇಳಿತು. ಗಮನಿಸಿ, ಅವರ ಹತ್ತಿರ ಒಂದು ಸರ್ಟಿಫಿಕೇಟು ಇತ್ತು. ಆದರೆ ಅವರು ಮಾಡಿದ ಕೆಲಸಕ್ಕೆ ಅದು ಆಗುತ್ತಿರಲಿಲ್ಲ.

ಇಲ್ಲಿಗೆ ಮುಗಿಸಿದ್ರೆ ಸುಲಭವಾಗಿತ್ತು. ಆದ್ರೆ ನಾನು "ಕಾಂಪೌಂಡರ್ ಅಣ್ಣನ ರೂಮು ಮುಚ್ಚಿಸಬೇಕು" ಅಂದಾಗ ಅಪ್ಪ ಒಂದು ಮಾತು ಕೇಳಿದ್ರು: "ಅವನ್ನ ಓಡ್ಸಿದ್ರೆ, ರಾತ್ರಿ ಎರಡು ಗಂಟೇಲಿ ನೀನು ಬೆಂಗ್ಳೂರಿಂದ ಬತ್ತೀಯೇನಪ್ಪಾ?" ಅಜ್ಜಿಗೆ ಹಿಂದೊಮ್ಮೆ ನಡುರಾತ್ರಿ ಉಸಿರು ಕಟ್ಟಿದಾಗ ಬಂದು, ಗಾಡಿ ಮಾಡಿಸಿ, ಮಂಡ್ಯದ ತನಕ ಜೊತೆಗೆ ಕೂತು ಬಂದವರು ಅವರೇ. ಹೋಬಳಿ ಕ್ಲಿನಿಕ್ ಆಗ ಬಾಗಿಲು ಹಾಕಿತ್ತು.

ಈ ಮಾತಿಗೆ ಉತ್ತರ ಹುಡುಕೋಕೆ ನನಗೆ ದಿನ ಹಿಡೀತು. ನಾವು ಎರಡು ಬೇರೆ ಬೇರೆ ಸಂಗತಿಗಳನ್ನ ಒಂದೇ ಚೀಲಕ್ಕೆ ಹಾಕ್ತಿದ್ದೀವಿ ಅನ್ಸುತ್ತೆ, ಋಣ ಮತ್ತು ನಂಬಿಕೆ. ರಾತ್ರಿ ಬಂದಿದ್ದಕ್ಕೆ ಅವರ ಋಣ ನಮ್ಮ ಮೇಲಿದೆ, ಅದನ್ನ ತೀರಿಸಬೇಕಾದವರು ನಾವು. ಆದರೆ ನಮ್ಮ ಋಣ ಅವರಿಗೆ ಮಾತ್ರೆ ಕೊಡೋ ಅರ್ಹತೆ ಆಗಲ್ಲ. ನಾನೂ ಅಪ್ಪನೂ ಹೋಗಿ ಅವರ ಹತ್ತಿರ ಕೂತು, ಆ ಮಾತ್ರೆ ಅಜ್ಜಿಗೆ ಏನು ಮಾಡ್ತು ಅಂತ ಬಿಡಿಸಿ ಹೇಳಿದ್ವಿ. "ಅಣ್ಣ, ಕಷ್ಟ ಅಂದ್ರೆ ನಿಮ್ಮನ್ನೇ ಕರೀತೀವಿ. ಬಿಪಿ ನೋಡಿ, 108ಕ್ಕೆ ಫೋನ್ ಮಾಡಿ, ಜೊತೆಗಿರಿ. ಮಾತ್ರೆ ಮಾತ್ರ ಬೇಡ" ಅಂದ್ವಿ. ಅವರಿಗೆ ಬೇಜಾರಾಯ್ತು. ಆಗಲೇಬೇಕಿತ್ತು.

ಇಂಥವರಿಗೆ ತರಬೇತಿ ಕೊಟ್ರೆ ಸರಿಹೋಗಲ್ವಾ ಅಂತ ಕೇಳಬಹುದು. ಪಶ್ಚಿಮ ಬಂಗಾಳದ ಬೀರ್‌ಭೂಮ್ ಜಿಲ್ಲೆಯಲ್ಲಿ ಅದನ್ನ ಮಾಡಿ ನೋಡಿದ್ದಾರೆ. ಡಿಗ್ರಿ ಇಲ್ಲದ 304 ಜನರಲ್ಲಿ ಲಾಟರಿ ಎತ್ತಿ ಅರ್ಧದಷ್ಟು ಜನಕ್ಕೆ ಒಂಬತ್ತು ತಿಂಗಳು ಪಾಠ ಹೇಳಿದ್ರು. 2016ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದ ಆ ಅಧ್ಯಯನದಲ್ಲಿ ಅರ್ಥಶಾಸ್ತ್ರಜ್ಞ ಅಭಿಜಿತ್ ಬ್ಯಾನರ್ಜಿ ಕೂಡ ಇದ್ದರು. ಪಾಠ ಕೇಳಿದವರು ರೋಗ ಗುರುತಿಸಿ ಸರಿಯಾಗಿ ನೋಡಿಕೊಳ್ಳೋದು ಸುಧಾರಿಸಿತು. ಆದರೆ ಬೇಡದ ಆಂಟಿಬಯೋಟಿಕ್ ಕೊಡೋದು ಕಮ್ಮಿಯಾಗಲಿಲ್ಲ. ಏನು ಕೊಡಬೇಕು ಅಂತ ಕಲಿಸಬಹುದು, ಕೊಡದೇ ಇರೋದನ್ನ ಕಲಿಸೋದು ಕಷ್ಟ.

ಹಾಗಂತ ಫ್ರೇಮಿಗೇ ಕೈಮುಗಿದು ಕೂರೋಕೂ ಆಗಲ್ಲ. ಮಧ್ಯಪ್ರದೇಶದಲ್ಲಿ ತರಬೇತಿ ಪಡೆದ ನಟರನ್ನ ರೋಗಿಗಳ ವೇಷದಲ್ಲಿ ಒಬ್ಬರೇ ಡಾಕ್ಟರ ಸರ್ಕಾರಿ ಆಸ್ಪತ್ರೆಗೂ, ಅವರದೇ ಖಾಸಗಿ ಕ್ಲಿನಿಕ್ಕಿಗೂ ಕಳಿಸಿ ನೋಡಿದ್ರು. ಅದೇ ಡಾಕ್ಟ್ರು ಖಾಸಗಿಯಲ್ಲಿ ಹೆಚ್ಚು ಶ್ರಮ ಹಾಕಿ ನೋಡ್ತಿದ್ರು, ಸರಿಯಾದ ಚಿಕಿತ್ಸೆಯೂ ಅಲ್ಲೇ ಹೆಚ್ಚು. ಡಿಗ್ರಿ ಒಂದೇ, ಕುರ್ಚಿ ಬದಲಾದ್ರೆ ವೈದ್ಯವೂ ಬದಲು.

ಇನ್ನು ಡಿಗ್ರಿಯೂ ಇದ್ದು ಕೈಗುಣವೂ ಇದ್ದವನ ಕಥೆ ಬೇಕಂದ್ರೆ ಇಂಗ್ಲೆಂಡಿನ ಹೈಡ್ ಊರಿನ ಹೆರಾಲ್ಡ್ ಶಿಪ್‌ಮನ್ ಇದ್ದಾನೆ. ಜನ ಮೆಚ್ಚಿದ ಫ್ಯಾಮಿಲಿ ಡಾಕ್ಟರು, ಮನೆಗೇ ಬಂದು ನೋಡೋನು. 15 ರೋಗಿಗಳನ್ನ ಕೊಂದಿದ್ದಕ್ಕೆ 2000ದ ಜನವರಿಯಲ್ಲಿ ಶಿಕ್ಷೆಯಾಯ್ತು. ಸತ್ತವರು 215 ಜನ ಅಂತ ಆಮೇಲಿನ ವಿಚಾರಣಾ ಆಯೋಗ ಗುರುತಿಸಿತು. 1976ರಲ್ಲೇ ಪೆಥಿಡಿನ್‌ಗಾಗಿ ಸುಳ್ಳು ಚೀಟಿ ಬರೆದು ದಂಡ ಕಟ್ಟಿದ್ದ, ಆದ್ರೂ ವೈದ್ಯರ ಪಟ್ಟಿಯಲ್ಲಿ ಹೆಸರು ಹಾಗೇ ಇತ್ತು. ಅವನು ಅಪರೂಪದ ಕೇಡಿಗ, ಎಲ್ಲರನ್ನೂ ಆ ತಕ್ಕಡಿಯಲ್ಲಿ ತೂಗಬಾರದು. ಆದರೆ ಒಂದು ಸಲ ಕೊಟ್ಟ ಕಾಗದ ಜನ್ಮಪೂರ್ತಿ ಸಾಕಾ ಅನ್ನೋ ಪ್ರಶ್ನೆ ಅಲ್ಲಿ ಜೋರಾಯ್ತು. 2012ರ ಕೊನೆಯಿಂದ ಬ್ರಿಟನ್ನಿನ ಡಾಕ್ಟರುಗಳು ಐದು ವರ್ಷಕ್ಕೊಮ್ಮೆ ತಮ್ಮ ಕೆಲಸದ ಲೆಕ್ಕ ತೋರಿಸಿ ಲೈಸೆನ್ಸ್ ಮುಂದುವರಿಸಿಕೊಳ್ಳಬೇಕು.

ನಮ್ಮಲ್ಲಿ? 2002ರ ವೈದ್ಯರ ನಡತೆ ನಿಯಮಗಳು ಐದು ವರ್ಷಕ್ಕೆ ಕನಿಷ್ಠ 30 ಗಂಟೆ ಹೊಸ ಕಲಿಕೆ ಬೇಕು ಅಂತ ಹೇಳ್ತವೆ. ವರ್ಷಕ್ಕೆ ಆರು ಗಂಟೆ. ಹೊಸ ಫ್ರೇಮ್‌ವರ್ಕ್ ಬಂದಾಗ ನಾವು ಒಂದು ವೀಕೆಂಡಲ್ಲಿ ಕೂರೋದೇ ಅದಕ್ಕಿಂತ ಜಾಸ್ತಿ! ಅದೇ ನಿಯಮಗಳಲ್ಲಿ ಇನ್ನೊಂದು ಸಾಲಿದೆ: ಡಾಕ್ಟರು ತಮ್ಮ ನೋಂದಣಿ ಸಂಖ್ಯೆಯನ್ನ ಕ್ಲಿನಿಕ್ಕಿನಲ್ಲೂ, ಬರೆದುಕೊಡುವ ಚೀಟಿಯಲ್ಲೂ ಹಾಕಬೇಕು. ಆ ಸಂಖ್ಯೆ ಇದೆಯಾ ಅಂತ ನಮ್ಮಲ್ಲಿ ಎಷ್ಟು ಜನ ನೋಡಿದ್ದೀವಿ? ಫೋನ್ ಕೊಳ್ಳೋವಾಗ ಹತ್ತು ರಿವ್ಯೂ ಓದೋ ನಾವು, ಅಮ್ಮನ ಬಿಪಿ ಮಾತ್ರೆ ಬರೆದವರ ಹೆಸರನ್ನೂ ಸರಿಯಾಗಿ ಓದಿರಲ್ಲ.

ನನ್ನ ಈಗಿನ ನಿಲುವು ಹೀಗಿದೆ. ಸಂಖ್ಯೆ ಇರಲೇಬೇಕು, ಅದು ಹೊಸ್ತಿಲು. ಹೊಸ್ತಿಲು ದಾಟಿದ ಮೇಲೆ ನೋಡಬೇಕಾದ್ದು ಸ್ಟಾರನ್ನಲ್ಲ, ಡಾಕ್ಟ್ರು ನನ್ನ ಪ್ರಶ್ನೆ ತಗೋತಾರಾ ಅನ್ನೋದನ್ನ. "ಈ ಮಾತ್ರೆ ಯಾಕೆ? ಎಷ್ಟು ದಿನ, ಯಾವಾಗ ನಿಲ್ಲಿಸಬೇಕು? ಕಮ್ಮಿ ಆಗದಿದ್ರೆ ಎಲ್ಲಿಗೆ ಹೋಗಬೇಕು?" ಈ ಮೂರಕ್ಕೆ ಸಿಡುಕಿಕೊಂಡಾದ್ರೂ ಸರಿಯಾಗಿ ಉತ್ತರ ಕೊಡೋರು ಒಳ್ಳೆ ಡಾಕ್ಟ್ರು. "ಇದು ನನ್ನ ಕೈಲಾಗಲ್ಲ, ಮೈಸೂರಿಗೆ ಕರ್ಕೊಂಡು ಹೋಗಿ" ಅನ್ನೋರು ಇನ್ನೂ ಒಳ್ಳೆಯವರು. ಅಂಥವರು ಸಿಕ್ಕಿದ್ರೆ ಸಣ್ಣ ನೆಗಡಿಗೂ ಅವರ ಹತ್ತಿರವೇ ಹೋಗಿ. ನಿಮ್ಮ ಮುಖ ಮೊದಲು ಹೇಗಿತ್ತು ಅಂತ ಗೊತ್ತಿರೋರಿಗೆ ಮಾತ್ರ ಅದು ಬದಲಾಗಿದ್ದು ಕಾಣುತ್ತೆ.

ಅಪ್ಪ ಅಮ್ಮ ಊರಲ್ಲಿದ್ದು ನೀವಿಲ್ಲಿದ್ರೆ, ಈ ವಾರ ಫೋನ್ ಮಾಡಿದಾಗ "ಊಟ ಆಯ್ತಾ" ಆದ ಮೇಲೆ ಇನ್ನೊಂದು ಕೇಳಿ. ಯಾವ ಮಾತ್ರೆ ತಗೋತಿದ್ದೀರಾ, ಯಾರು ಬರೆದಿದ್ದು, ಯಾವಾಗಿಂದ. ಚೀಟಿಯ ಫೋಟೋ ವಾಟ್ಸಾಪ್ ಮಾಡೋಕೆ ಹೇಳಿ. ಚೀಟಿಯೇ ಇಲ್ಲ, ಕಾಗದದಲ್ಲಿ ಕಟ್ಟಿಕೊಟ್ರು ಅಂದ್ರೆ, ಮಾತ್ರೆ ನಿಲ್ಲಿಸಿ ಅಂತ ಫೋನಲ್ಲಿ ಹೇಳಬೇಡಿ. ಓದಿದವರ ಹತ್ತಿರ ಬೇಗ ಕರ್ಕೊಂಡು ಹೋಗಿ.