ಅಮಾನತ್ತಿನಲ್ಲಿಟ್ಟ ಉತ್ತರ

ಹೊರದೇಶದ ವಿಶ್ವವಿದ್ಯಾಲಯಗಳಿಗೆ ಪಿಎಚ್‌ಡಿ ಅರ್ಜಿ ಹಾಕಿದ ಮಕ್ಕಳಿರುವ ಮನೆಗಳಲ್ಲಿ ಜನವರಿಯಿಂದ ಏಪ್ರಿಲ್‌ವರೆಗೆ ಒಂದು ಬಗೆಯ ಬಿಗಿ ಇರುತ್ತದೆ. ಪರೀಕ್ಷೆಯ ಫಲಿತಾಂಶಕ್ಕೆ ಕಾಯುವುದು ಬೇರೆ, ಇದು ಬೇರೆ. ಫಲಿತಾಂಶಕ್ಕೆ ಒಂದು ದಿನಾಂಕವಿದೆ. ರಾಜ್ಯದ ಎಲ್ಲ ಮಕ್ಕಳಿಗೂ ಅದೇ ದಿನ, ಅದೇ ಗಂಟೆ. ಸಿಇಟಿಯಲ್ಲಿ ರ‍್ಯಾಂಕ್ ಬಂದರೆ ಸಾಕು, ಹಿಂದಿನ ವರ್ಷದ ಪಟ್ಟಿ ನೋಡಿ ಯಾವ ಕಾಲೇಜು ಸಿಗಬಹುದೆಂದು ಪಕ್ಕದ ಮನೆಯವರೇ ಹೇಳಿಬಿಡುತ್ತಾರೆ. ಪಿಎಚ್‌ಡಿ ಅರ್ಜಿಗೆ ರ‍್ಯಾಂಕ್ ಇಲ್ಲ, ದಿನಾಂಕವೂ ಇಲ್ಲ. ಎಂದೂ ಕಾಣದ ಕೆಲವರು ಎಲ್ಲೋ ಒಂದು ಕೋಣೆಯಲ್ಲಿ ಕುಳಿತು ಅಂಕಪಟ್ಟಿ, ಮೂವರು ಅಧ್ಯಾಪಕರ ಶಿಫಾರಸು ಪತ್ರ, ತಾನೇನು ಕಲಿಯಬಯಸುತ್ತೇನೆಂದು ಅಭ್ಯರ್ಥಿ ಬರೆದ ಒಂದೆರಡು ಪುಟ ಇವನ್ನೆಲ್ಲ ಓದುತ್ತಾರೆ. ಓದಿದರೋ ಇಲ್ಲವೋ ಅದೂ ತಿಳಿಯದು. ಒಂದೊಂದು ಅರ್ಜಿಗೂ ಅಮೆರಿಕದಲ್ಲಿ ಸಾಮಾನ್ಯವಾಗಿ 75ರಿಂದ 100 ಡಾಲರ್ ಶುಲ್ಕ, ಕೆಲವೆಡೆ ಅದಕ್ಕೂ ಹೆಚ್ಚು. ಅದು ಮರಳಿ ಬರುವ ಹಣವಲ್ಲ.

ನಾವು ಇಲ್ಲಿ ಕೇಳಬೇಕೆಂದಿರುವುದು ಸೀಟು ಯಾರಿಗೆ ಸಿಗಬೇಕು ಎಂಬ ಪ್ರಶ್ನೆಯನ್ನಲ್ಲ. ಆ ಚರ್ಚೆ ನಮ್ಮಲ್ಲಿ ಬೇಕಾದಷ್ಟು ನಡೆದಿದೆ. ಕಾಯಿಸುವವನ ಮೇಲೆ ಕಾಯುವವನ ಋಣವೇನಾದರೂ ಇದೆಯೇ ಎಂಬುದು ನಮ್ಮ ಪ್ರಶ್ನೆ.

ಇದನ್ನು ಯೋಚಿಸುವಂತೆ ಮಾಡಿದವಳು ದಾವಣಗೆರೆಯಲ್ಲಿರುವ ನಮ್ಮ ತಂಗಿಯ ಮಗಳು. ಗಣಿತದಲ್ಲಿ ಎಂಎಸ್ಸಿ ಮಾಡಿದವಳು, ಅನ್ವಯಿಕ ಗಣಿತದಲ್ಲಿ ಸಂಶೋಧನೆ ಮಾಡಬೇಕೆಂಬ ಆಸೆ. ಅನ್ವಯಿಕ ಗಣಿತವೆಂದರೆ ಏನೆಂದು ನಾವು ಕೇಳಿದಾಗ ಅವಳು ಭದ್ರಾ ನಾಲೆಯ ಉದಾಹರಣೆ ಕೊಟ್ಟಳು. ಲಕ್ಕವಳ್ಳಿಯಲ್ಲಿ ನೀರು ಬಿಟ್ಟರೆ ಕೊನೆಯ ಭಾಗದ ಗದ್ದೆಗೆ ಅದು ಯಾವಾಗ, ಎಷ್ಟು ಮುಟ್ಟುತ್ತದೆ ಎಂಬುದನ್ನು ಸಮೀಕರಣಗಳಲ್ಲಿ ಹಿಡಿಯುವುದು. ತೆರೆದ ಕಾಲುವೆಯಲ್ಲಿ ಹರಿಯುವ ನೀರಿಗೆ ಸೇಂಟ್ ವೆನಂಟ್ ಎಂಬ ಫ್ರೆಂಚ್ ಎಂಜಿನಿಯರ್ 1871ರಲ್ಲೇ ಸಮೀಕರಣ ಬರೆದಿಟ್ಟಿದ್ದಾನಂತೆ. ನಾಲೆಯ ಕೊನೆಯ ಭಾಗದ ರೈತರು ನೀರಿಗಾಗಿ ಕಾಯುವುದನ್ನು ನೋಡುತ್ತ ಬೆಳೆದ ಹುಡುಗಿ ಅಂತಹ ವಿಷಯ ಆರಿಸಿಕೊಂಡಿದ್ದು ನಮಗೆ ಸಂತೋಷವೆನಿಸಿತು.

2024ರ ಡಿಸೆಂಬರಿನಲ್ಲಿ ಅವಳು ಎಂಟು ಕಡೆ ಅರ್ಜಿ ಹಾಕಿದಳು. ಅದು ಕೆಟ್ಟ ವರ್ಷ. 2025ರ ಮೊದಲ ತಿಂಗಳುಗಳಲ್ಲಿ ಅಮೆರಿಕದ ಸರ್ಕಾರ ಸಂಶೋಧನೆಯ ಹಣಕ್ಕೆ ಕೈ ಹಾಕಿತು. ಹಲವು ವಿಶ್ವವಿದ್ಯಾಲಯಗಳು ಪಿಎಚ್‌ಡಿ ಪ್ರವೇಶವನ್ನು ತಗ್ಗಿಸಿದವು, ಕೊಟ್ಟ ಪ್ರವೇಶವನ್ನು ಹಿಂದಕ್ಕೆ ಪಡೆದದ್ದೂ ಉಂಟು. ಊರಿನಲ್ಲೂ ಆಸರೆ ಕಡಿಮೆಯಾಗಿತ್ತು. ಅಲ್ಪಸಂಖ್ಯಾತ ಸಂಶೋಧಕರಿಗಿದ್ದ ಮೌಲಾನಾ ಆಜಾದ್ ಫೆಲೋಶಿಪ್ ನಿಲ್ಲಿಸಲಾಗಿದೆ ಎಂದು ಕೇಂದ್ರ ಸರ್ಕಾರ 2022ರ ಡಿಸೆಂಬರಿನಲ್ಲೇ ಲೋಕಸಭೆಗೆ ತಿಳಿಸಿತ್ತು. ಅಲ್ಲಿಯೂ ಇಲ್ಲ, ಇಲ್ಲಿಯೂ ಇಲ್ಲ ಎಂಬ ಸ್ಥಿತಿಯಲ್ಲಿ ಹುಡುಗಿ ದಿನಕ್ಕೆ ಹತ್ತು ಸಲ ಮೇಲ್ ತೆರೆಯುತ್ತಿದ್ದಳು. ಅಲ್ಲಿ ಹಗಲಾಗುವುದು ನಮ್ಮ ರಾತ್ರಿಯಲ್ಲಿ, ಆದ್ದರಿಂದ ನಿದ್ದೆಯೂ ಹೋಯಿತು. ತಂಗಿ, "ಸಬ್ರ್ ಮಾಡು ಬೇಟಿ" ಎನ್ನುತ್ತಿದ್ದಳು. ಬೇರೇನು ಹೇಳಿಯಾಳು?

ಉರ್ದು ಓದಿ ಕನ್ನಡ ಕಲಿತ ನಮ್ಮಂಥವರಿಗೆ ಒಂದು ಪದ ಸದಾ ತಮಾಷೆಯಾಗಿ ಕಾಣುತ್ತದೆ. ಉರ್ದುವಿನಲ್ಲಿ ಅಮಾನತ್ ಎಂದರೆ ನಂಬಿ ಕೊಟ್ಟ ವಸ್ತು. ಇಟ್ಟುಕೊಂಡವನು ಅದನ್ನು ಜೋಪಾನ ಮಾಡಬೇಕು, ಕೇಳಿದಾಗ ಹಿಂದಿರುಗಿಸಬೇಕು. ಅದೇ ಪದ ಕನ್ನಡದ ಕಚೇರಿಗಳಿಗೆ ಬಂದು ಅಮಾನತು ಆಯಿತು. ನೌಕರನನ್ನು ಅಮಾನತು ಮಾಡುತ್ತಾರೆ, ವಿಧಾನಸಭೆಯನ್ನು ಅಮಾನತ್ತಿನಲ್ಲಿಡುತ್ತಾರೆ. ಅತ್ತ ಇದ್ದಂತೆಯೂ ಅಲ್ಲ, ಇತ್ತ ಹೋದಂತೆಯೂ ಅಲ್ಲ. ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕುವವರು ಅದನ್ನು ಉರ್ದುವಿನ ಅರ್ಥದಲ್ಲಿ ಒಪ್ಪಿಸುತ್ತಾರೆ, ಆ ಕಡೆಯವರು ಕನ್ನಡದ ಅರ್ಥದಲ್ಲಿ ಇಟ್ಟುಕೊಳ್ಳುತ್ತಾರೆ!

ಇದಕ್ಕೆ ಅವರ ಕಡೆಯ ಸಮಾಧಾನವೂ ಇದೆ. ನೂರಾರು ಅರ್ಜಿ, ಬೆರಳೆಣಿಕೆಯ ಸ್ಥಾನ, ಪಾಠ ಮಾಡುತ್ತಲೇ ಇವನ್ನೆಲ್ಲ ಓದಬೇಕಾದ ನಾಲ್ಕಾರು ಅಧ್ಯಾಪಕರು. ಮೇಲಾಗಿ ಅವರಿಗೇ ಎಲ್ಲವೂ ಗೊತ್ತಿರುವುದಿಲ್ಲ. ಮೊದಲ ಪಟ್ಟಿಯವರಲ್ಲಿ ಎಷ್ಟು ಮಂದಿ ಬರುತ್ತಾರೆಂದು ತಿಳಿದ ಮೇಲೆಯೇ ಎರಡನೇ ಪಟ್ಟಿಗೆ ಕೈ ಹಾಕಬೇಕು. ಅಮೆರಿಕದ ಬಹಳಷ್ಟು ವಿಶ್ವವಿದ್ಯಾಲಯಗಳು ಒಪ್ಪಿಕೊಂಡ ಒಂದು ನಿಯಮದಂತೆ, ಹಣಕಾಸಿನ ನೆರವಿನೊಡನೆ ಪ್ರವೇಶ ಪಡೆದ ವಿದ್ಯಾರ್ಥಿ ಏಪ್ರಿಲ್ 15ರವರೆಗೆ ಉತ್ತರ ಕೊಡಬೇಕಾಗಿಲ್ಲ. ಅವಸರಪಡಿಸಿ ವಿದ್ಯಾರ್ಥಿಯ ಕೈ ಕಟ್ಟಿಹಾಕಬಾರದೆಂಬ ಒಳ್ಳೆಯ ಉದ್ದೇಶದಿಂದ ಹುಟ್ಟಿದ ನಿಯಮವೇ ಇದು. ಆದರೆ ಮೊದಲ ಪಟ್ಟಿಯವರು ತಡಮಾಡಿದಷ್ಟೂ ಎರಡನೇ ಪಟ್ಟಿಯವರು ಕಾಯುತ್ತಾರೆ.

ಇದನ್ನೆಲ್ಲ ಒಪ್ಪೋಣ. ಗೊತ್ತಿಲ್ಲದಿರುವುದು ತಪ್ಪಲ್ಲ. ಆದರೆ ಗೊತ್ತಿಲ್ಲದಿರುವುದು ಬೇರೆ, ಗೊತ್ತಿದ್ದೂ ಹೇಳದಿರುವುದು ಬೇರೆ. "ನೀವು ಎರಡನೇ ಪಟ್ಟಿಯಲ್ಲಿದ್ದೀರಿ, ಇನ್ನೂ ತೀರ್ಮಾನವಾಗಿಲ್ಲ" ಎನ್ನುವುದಕ್ಕೆ ಎರಡು ಸಾಲು ಸಾಕು. "ನಿಮ್ಮನ್ನು ತೆಗೆದುಕೊಳ್ಳಲಾಗದು" ಎನ್ನುವುದಕ್ಕೆ ಒಂದೇ ಸಾಲು. ಸೀಟು ಅವರದು, ಯಾರಿಗೆ ಬೇಕಾದರೂ ಕೊಡಲಿ. ಆದರೆ ಹುಡುಗಿಯ ಮಾರ್ಚ್ ತಿಂಗಳು ಅವಳದು. ಇಲ್ಲವೆಂದು ಫೆಬ್ರವರಿಯಲ್ಲೇ ತಿಳಿದಿದ್ದರೆ ಆ ಒಂದು ತಿಂಗಳಲ್ಲಿ ಅವಳು ಬೇರೆ ಪರೀಕ್ಷೆಗೆ ಓದಬಹುದಿತ್ತು, ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾಗಲು ಕೇಳಬಹುದಿತ್ತು, ಅತ್ತು ಹಗುರಾಗಲೂಬಹುದಿತ್ತು. ಉತ್ತರ ತಡೆಹಿಡಿದವರು ಕಸಿದುಕೊಳ್ಳುವುದು ಇದನ್ನೇ. ಕೂಲಿಯನ್ನು ತಡಮಾಡದೆ ಕೊಡಬೇಕೆಂದು ಪ್ರವಾದಿ(ಸ)ಯವರು ಕಲಿಸಿದ್ದು ನಮಗೆಲ್ಲ ಗೊತ್ತು. ಅಲ್ಲಿ ತಡವೂ ಅನ್ಯಾಯವೆನಿಸಿಕೊಳ್ಳುತ್ತದೆ, ಕೊಟ್ಟ ಮೊತ್ತ ಸರಿಯಿದ್ದರೂ ಸರಿಯೇ.

ಗಣಿತದ ಚರಿತ್ರೆಯಲ್ಲಿ ಇಂತಹ ತಡದ ಒಂದು ಕಥೆಯಿದೆ. ನಾರ್ವೆಯ ನೀಲ್ಸ್ ಹೆನ್ರಿಕ್ ಆಬೆಲ್ 1826ರ ಅಕ್ಟೋಬರಿನಲ್ಲಿ, 24ನೇ ವಯಸ್ಸಿನಲ್ಲಿ, ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿಗೆ ಒಂದು ದೊಡ್ಡ ಪ್ರಬಂಧ ಒಪ್ಪಿಸಿದ. ಪರಿಶೀಲಿಸಲು ಲೆಜಾಂಡ್ರ್ ಮತ್ತು ಕೋಶಿ ಎಂಬ ಇಬ್ಬರು ಘಟಾನುಘಟಿಗಳ ನೇಮಕವಾಯಿತು. ಕೋಶಿ ಅದನ್ನು ಎಲ್ಲೋ ಪಕ್ಕಕ್ಕಿಟ್ಟುಬಿಟ್ಟ. ಆಬೆಲ್ ವರ್ಷದ ಕೊನೆಯವರೆಗೆ ಅಲ್ಲೇ ಕಾದ. ಕೈಯಲ್ಲಿದ್ದ ಹಣ ಕರಗಿತು, ಹೊರಟುಹೋದ. 1829ರ ಏಪ್ರಿಲ್ 6ರಂದು ಕ್ಷಯರೋಗದಿಂದ ತೀರಿಕೊಂಡಾಗ ಅವನಿಗೆ 26 ವರ್ಷ. ಎರಡು ದಿನ ಕಳೆದು, ಏಪ್ರಿಲ್ 8ರಂದು, ಬರ್ಲಿನ್‌ನಿಂದ ಅವನ ಹಿತೈಷಿ ಕ್ರೆಲ್ಲೆ ಪತ್ರ ಬರೆದ, ನಿನಗೆ ಇಲ್ಲಿ ಹುದ್ದೆ ಖಾತ್ರಿಯಾಗಿದೆ ಎಂದು. ಪ್ಯಾರಿಸ್ಸಿನ ಪ್ರಬಂಧ ಅಚ್ಚಾದದ್ದು 1841ರಲ್ಲಿ.

ಈ ಕಥೆಯನ್ನು ದುಃಖಕ್ಕಾಗಿ ಹೇಳುವವರು ಬಹಳ. ನಮಗೆ ಇದರಲ್ಲಿ ಇನ್ನೊಂದು ಮಾತು ಕಾಣುತ್ತದೆ. ಇದೇ ಆಬೆಲ್‌ನ ಹೆಸರು ನಿಂತದ್ದು ಒಂದು 'ಇಲ್ಲ'ದಿಂದ. ಮೂರು ಮತ್ತು ನಾಲ್ಕನೇ ಘಾತದ ಸಮೀಕರಣಗಳನ್ನು ಬಿಡಿಸುವ ಸೂತ್ರ 1545ರಲ್ಲೇ ಇಟಲಿಯ ಕಾರ್ಡಾನೊನ ಪುಸ್ತಕದಲ್ಲಿ ಬಂದಿತ್ತು. ಐದನೇ ಘಾತಕ್ಕೂ ಅಂಥದೇ ಸೂತ್ರ ಸಿಗುವುದೆಂದು ಗಣಿತಜ್ಞರು ಸುಮಾರು 280 ವರ್ಷ ಹುಡುಕಿದರು. ಅಂತಹ ಸಾಮಾನ್ಯ ಸೂತ್ರ ಸಾಧ್ಯವೇ ಇಲ್ಲವೆಂದು 1824ರಲ್ಲಿ ಆಬೆಲ್ ಸಾಧಿಸಿ, ತನ್ನದೇ ಖರ್ಚಿನಲ್ಲಿ ಅಚ್ಚು ಹಾಕಿಸಿದ. ಆಮೇಲೆ ಗಣಿತಜ್ಞರ ಹುಡುಕಾಟ ಬೇರೆ ದಾರಿ ಹಿಡಿಯಿತು, ಹೊಸ ಬೀಜಗಣಿತವೇ ಬೆಳೆಯಿತು. ಗಣಿತದವರು 'ಇಲ್ಲ' ಎಂಬುದನ್ನು ಅವಮಾನವೆಂದು ತಿಳಿಯುವುದಿಲ್ಲ, ಅದು ಉತ್ತರವೇ. ತಲೆಮಾರುಗಳನ್ನು ತಡೆದು ನಿಲ್ಲಿಸಿದ್ದು 'ಇಲ್ಲ'ವಲ್ಲ, ಅದು ಗೊತ್ತಾಗದೆ ಹೋದದ್ದು.

ಪ್ರವೇಶದ ಕಗ್ಗಂಟನ್ನೇ ಗಣಿತಕ್ಕೆ ಒಡ್ಡಿದವರೂ ಇದ್ದಾರೆ. 1962ರಲ್ಲಿ ಡೇವಿಡ್ ಗೇಲ್ ಮತ್ತು ಲಾಯ್ಡ್ ಶೇಪ್ಲಿ ಎಂಬ ಇಬ್ಬರು ಅಮೆರಿಕದ ಗಣಿತ ಪತ್ರಿಕೆಯೊಂದರಲ್ಲಿ ಕೆಲವೇ ಪುಟಗಳ ಲೇಖನ ಬರೆದರು. ಅದರ ಶೀರ್ಷಿಕೆಯಲ್ಲಿ ಕಾಲೇಜು ಪ್ರವೇಶ ಮತ್ತು ಮದುವೆ ಎರಡೂ ಪಕ್ಕಪಕ್ಕದಲ್ಲಿವೆ. ಅವರು ಹೇಳಿದ ವಿಧಾನ ಸರಳ. ಪ್ರತಿ ವಿದ್ಯಾರ್ಥಿ ತನಗೆ ಅತಿ ಇಷ್ಟವಾದ ಕಾಲೇಜಿಗೆ ಮೊದಲು ಅರ್ಜಿ ಹಾಕಲಿ. ಕಾಲೇಜು ತನ್ನಲ್ಲಿರುವ ಸ್ಥಾನಗಳಷ್ಟು ಜನರನ್ನು ತಾತ್ಕಾಲಿಕವಾಗಿ ಇಟ್ಟುಕೊಂಡು ಉಳಿದವರಿಗೆ ಇಲ್ಲವೆನ್ನಲಿ. ಇಲ್ಲವೆನಿಸಿಕೊಂಡವರು ತಮ್ಮ ಎರಡನೇ ಆಯ್ಕೆಗೆ ಹೋಗಲಿ. ಅಲ್ಲಿ ಅವರು ಹೆಚ್ಚು ಯೋಗ್ಯರಾದರೆ ಮೊದಲೇ ಇದ್ದ ಯಾರಾದರೂ ಹೊರಬಿದ್ದು ಮುಂದಿನ ಬಾಗಿಲಿಗೆ ಹೋಗಲಿ. ಹೀಗೆ ಮಾಡುತ್ತ ಹೋದರೆ ಒಂದು ಹಂತದಲ್ಲಿ ಎಲ್ಲವೂ ನೆಲೆಗೊಳ್ಳುತ್ತದೆ. ತಮಗೆ ಸಿಕ್ಕಿದ್ದಕ್ಕಿಂತ ಪರಸ್ಪರರನ್ನೇ ಹೆಚ್ಚು ಬಯಸುವ ವಿದ್ಯಾರ್ಥಿ ಮತ್ತು ಕಾಲೇಜು ಬೇರೆಬೇರೆಯಾಗಿ ಉಳಿಯುವುದಿಲ್ಲ ಎಂಬುದನ್ನು ಅವರು ಸಾಧಿಸಿದರು. ಶೇಪ್ಲಿಗೆ 2012ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು, ಆಲ್ವಿನ್ ರಾತ್ ಜೊತೆಗೆ. ಗೇಲ್ ಅಷ್ಟರಲ್ಲಿ ತೀರಿಕೊಂಡಿದ್ದರು. ನಮ್ಮ ಐಐಟಿಗಳ ಸೀಟು ಹಂಚಿಕೆಯಲ್ಲೂ 2015ರಿಂದ ಈ ವಿಚಾರದ ಬಳಕೆಯಿದೆ. ಪಿಎಚ್‌ಡಿ ಪ್ರವೇಶಕ್ಕೆ ಮಾತ್ರ ಇಂತಹ ಏರ್ಪಾಡು ಇಲ್ಲ.

ಸೊಸೆಗೆ ಈ ವಿಧಾನ ಬಾಯಿಪಾಠ. ಅವಳು ವಿವರಿಸುವಾಗ ನಾವು ಗಮನಿಸಿದ್ದು, ಇಡೀ ಯಂತ್ರ ನಡೆಯುವುದೇ 'ಇಲ್ಲ' ಎಂಬ ಮಾತಿನ ಮೇಲೆ ಎಂಬುದನ್ನು. ಇಲ್ಲವೆಂದ ಕೂಡಲೇ ಒಬ್ಬ ವಿದ್ಯಾರ್ಥಿ ಮುಂದಿನ ಬಾಗಿಲಿಗೆ ಹೆಜ್ಜೆ ಹಾಕುತ್ತಾನೆ. ಯಾವುದೋ ಒಂದು ಕಾಲೇಜು ಹೇಳದೆ ಸುಮ್ಮನೆ ಕುಳಿತರೆ ಎಲ್ಲವೂ ಅಲ್ಲಿಗೇ ನಿಲ್ಲುತ್ತದೆ.

ಶೀರ್ಷಿಕೆಯ ಎರಡನೇ ಅರ್ಧಕ್ಕೆ, ಅಂದರೆ ಮದುವೆಗೆ, ಬರೋಣ. ವಿಶ್ವವಿದ್ಯಾಲಯಗಳನ್ನು ದೂರುವುದು ಸುಲಭ, ಅವು ದೂರದಲ್ಲಿವೆ. ನಮ್ಮ ಮೊಹಲ್ಲಾಗಳಲ್ಲಿ ಏನು ನಡೆಯುತ್ತಿದೆ? ಗಂಡಿನ ಕಡೆಯವರು ಎಂಟು ಹತ್ತು ಮಂದಿ ಬಂದು, ಸಮೋಸಾ ತಿಂದು, ಹುಡುಗಿಯನ್ನು ನಿಲ್ಲಿಸಿ ಕೂರಿಸಿ ನೋಡಿ, "ತಿಳಿಸುತ್ತೇವೆ" ಎಂದು ಹೋಗುತ್ತಾರೆ. ತಿಳಿಸುವುದಿಲ್ಲ. ಹುಡುಗಿಯ ತಾಯಿ ಫೋನು ಮಾಡಲು ಹಿಂಜರಿಯುತ್ತಾಳೆ, ಮಾಡಿದರೆ ಅವಸರದವರು ಎನ್ನುತ್ತಾರೆ. ಬೇರೆ ಸಂಬಂಧ ಬಂದರೆ ಏನು ಹೇಳಬೇಕೋ ತಿಳಿಯದು. ಒಬ್ಬರು ಮುಂದಿಟ್ಟ ವಿವಾಹ ಪ್ರಸ್ತಾಪ ಇತ್ಯರ್ಥವಾಗುವ ಮುನ್ನ ಅದರ ಮೇಲೆ ಇನ್ನೊಬ್ಬರು ಪ್ರಸ್ತಾಪ ಇಡಬಾರದೆಂಬ ಬೋಧನೆ ನಮ್ಮಲ್ಲಿದೆ. ಮೊದಲು ಕೇಳಿದವನ ಗೌರವ ಕಾಯಲು ಬಂದ ಮರ್ಯಾದೆ ಅದು. ಇಂದು ಆ ಮರ್ಯಾದೆಯ ನೆರಳಿನಲ್ಲೇ ಉತ್ತರ ಕೊಡದವರು ಆರಾಮವಾಗಿದ್ದಾರೆ. ಬಾಗಿಲು ತಡೆದು ನಿಂತವನು ಒಳಗೂ ಬರುವುದಿಲ್ಲ, ಪಕ್ಕಕ್ಕೂ ಸರಿಯುವುದಿಲ್ಲ. ಏಕೆ ಹೀಗೆಂದು ಕೇಳಿದರೆ, ಮುಖಕ್ಕೆ ಹೊಡೆದಂತೆ ಇಲ್ಲವೆನ್ನಲು ಮನಸ್ಸು ಬರುವುದಿಲ್ಲ ಎನ್ನುತ್ತಾರೆ. ಕೋಮಲ ಹೃದಯ! ಆ ಕೋಮಲತೆಯ ಖರ್ಚನ್ನು ಮಾತ್ರ ಹುಡುಗಿಯ ಮನೆಯವರು ಭರಿಸಬೇಕು.

ಇಂತಹ ಮನೆಗಳಲ್ಲಿ ಹಿರಿಯರು ಸಬ್ರ್ ಉಪದೇಶಿಸುತ್ತಾರೆ. ಸಹನೆ ದೊಡ್ಡ ಗುಣ, ಅದರಲ್ಲಿ ಎರಡು ಮಾತಿಲ್ಲ. ಆದರೆ ಉಪದೇಶ ಯಾವಾಗಲೂ ಕಾಯುವವರ ಕಡೆಗೇ ಹರಿಯುವುದು ಏಕೆ? ಸಹನೆಗೆ ಹೆಸರಾದ ಯಾಕೂಬ್(ಅ)ರ ವೃತ್ತಾಂತವನ್ನೇ ನೋಡಿ. ಮಗನಿಗಾಗಿ ಅತ್ತು ಅವರ ಕಣ್ಣು ಬೆಳ್ಳಗಾದವು. ಹಾಗೆಂದು ಅವರು ಕೈಕಟ್ಟಿ ಕೂರಲಿಲ್ಲ, ಯೂಸುಫ್ ಮತ್ತು ಅವರ ತಮ್ಮನನ್ನು ಹುಡುಕಿ ಬನ್ನಿ ಎಂದು ಮಕ್ಕಳನ್ನು ಕಳಿಸಿದರು. ಅಳುವುದೂ ವಿಚಾರಿಸುವುದೂ ಅವರ ಸಹನೆಯೊಳಗೇ ಇದ್ದವು. ಉತ್ತರ ಕೇಳುವ ಹಕ್ಕನ್ನು ಬಿಟ್ಟುಕೊಡುವುದೇ ಸಬ್ರ್ ಎಂದು ಕಲಿಸಿದರೆ ಅದರ ಲಾಭ ಕಾಯಿಸುವವನಿಗೆ.

ಮಾರ್ಚ್ ನಡುವಿನಲ್ಲಿ ಸೊಸೆಗೆ ಎರಡು ಕಡೆಯಿಂದ ಪ್ರವೇಶ ಬಂತು, ಎರಡಕ್ಕೂ ಬೋಧನಾ ಸಹಾಯಕಿಯ ಸಂಬಳವಿತ್ತು. ಮೂರು ಕಡೆಯವರು ಇಲ್ಲವೆಂದರು. ಅವುಗಳಲ್ಲಿ ಒಂದು ಫೆಬ್ರವರಿಯಲ್ಲೇ ಬಂದಿತ್ತು, ನಾಲ್ಕು ಸಾಲಿನ ಮರ್ಯಾದೆಯ ಪತ್ರ. ಆ ವಿಶ್ವವಿದ್ಯಾಲಯದ ಬಗ್ಗೆ ಅವಳಿಗೆ ಇಂದಿಗೂ ಗೌರವ. ಒಂದು ವಾರ ಯೋಚಿಸಿ ಅವಳು ಒಂದನ್ನು ಆರಿಸಿದಳು, ಅಂದೇ ಇನ್ನೊಂದಕ್ಕೆ ಬರುವುದಿಲ್ಲವೆಂದು ಬರೆಯಲು ಕುಳಿತಳು. ಅವಳ ತಂದೆಗೆ ಆತಂಕ. "ಏಪ್ರಿಲ್ 15ರವರೆಗೆ ಟೈಮಿದೆಯಲ್ಲ, ಕೈಯಲ್ಲಿರಲಿ. ಇದು ಕೈಕೊಟ್ಟರೆ?" ಎಂದರು. ಕೊಟ್ಟದ್ದನ್ನು ಹಿಂದಕ್ಕೆ ಪಡೆಯುತ್ತಿದ್ದ ಆ ವರ್ಷದಲ್ಲಿ ಅದು ಅರ್ಥವಿಲ್ಲದ ಭಯವೂ ಅಲ್ಲ. ಸೊಸೆ ಮೊದಲ ವಿಶ್ವವಿದ್ಯಾಲಯಕ್ಕೆ ಬರೆದು, ಹಣದ ಬಗ್ಗೆ ಲಿಖಿತ ಖಾತ್ರಿ ತರಿಸಿಕೊಂಡಳು. ಆಮೇಲೆ, "ಅಬ್ಬಾ, ಅದನ್ನು ನಾನು ಹಿಡಿದಿಟ್ಟುಕೊಂಡರೆ ಇನ್ಯಾರೋ ನನ್ನ ಹಾಗೆ ರಾತ್ರಿಯೆಲ್ಲ ಮೇಲ್ ನೋಡುತ್ತ ಕೂತಿರುತ್ತಾರೆ" ಎಂದು ಎರಡನೆಯದನ್ನು ಬಿಟ್ಟುಕೊಟ್ಟಳು.

ಅಷ್ಟಕ್ಕೇ ಬಿಡಲಿಲ್ಲ. ಹರಿಹರದ ಒಂದು ಮನೆತನದವರು ಡಿಸೆಂಬರಿನಲ್ಲಿ ಅವಳನ್ನು ಕೇಳಿದ್ದರು. ಓದಿನ ವಿಷಯ ಏನಾಗುವುದೋ ಎಂದು ತಂಗಿ ಅವರಿಗೆ ಹೌದೂ ಎನ್ನದೆ ಇಲ್ಲವೂ ಎನ್ನದೆ ನಾಲ್ಕು ತಿಂಗಳು ತಳ್ಳಿದ್ದಳು. "ಅಮ್ಮೀ, ಅವರಿಗೂ ಹೇಳಿಬಿಡಿ" ಎಂದಳು ಹುಡುಗಿ. ತಂಗಿ ಎರಡು ದಿನ ಫೋನಿನ ಸುತ್ತ ಸುಳಿದಾಡಿ ಮೂರನೇ ದಿನ ಮಾಡಿದಳು. ಆ ಕಡೆಯಿಂದ ಹುಡುಗನ ತಾಯಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೇಳಿದ್ದು ಒಳ್ಳೆಯದಾಯಿತು ಆಪಾ, ನಾವು ರಾಣೆಬೆನ್ನೂರಿನವರಿಗೆ ಏನು ಹೇಳುವುದೆಂದು ತಿಳಿಯದೆ ಕೂತಿದ್ದೆವು" ಎಂದರಂತೆ.

ಉಳಿದ ಮೂರು ವಿಶ್ವವಿದ್ಯಾಲಯಗಳಿಂದ ಈ ತನಕ ಏನೂ ಬಂದಿಲ್ಲ.