ಬಡಿಸುವ ಕೈಯ ಹೊಣೆ

ನಾನು ಏನನ್ನು ತಿನ್ನಬೇಕೆಂಬುದು ನನ್ನ ಆಯ್ಕೆ. ಆದರೆ ಮತ್ತೊಬ್ಬರ ತಟ್ಟೆಗೆ ಏನನ್ನು ಬಡಿಸಬೇಕೆಂದು ನಿರ್ಧರಿಸುವ ಅಧಿಕಾರ ಕೈಗೆ ಬಂದಾಗ ಆ ಆಯ್ಕೆ ಹೊಣೆಯಾಗಿ ಮಾರ್ಪಡುತ್ತದೆ. ನಮ್ಮ ತಾಯಂದಿರು ಈ ಹೊಣೆಯನ್ನು ಮೌನವಾಗಿ ಹೊತ್ತು ಬಂದಿದ್ದಾರೆ. ಅದನ್ನೇ ವೃತ್ತಿಯಾಗಿ ಸ್ವೀಕರಿಸುವವರು ಆಹಾರತಜ್ಞರು. ನಿಮ್ಮ ಮಗಳೋ ಮಗನೋ ಈ ವೃತ್ತಿಯನ್ನು ಅರಸಿ ಹೊರಟರೆ, ಪೌಷ್ಟಿಕ ಶಾಸ್ತ್ರದ ಪದವಿ, ಉನ್ನತ ವ್ಯಾಸಂಗ, ಆಸ್ಪತ್ರೆಯ ತರಬೇತಿ ಇವುಗಳ ಜೊತೆಗೆ ಒಂದು ನೈತಿಕ ಪ್ರಶ್ನೆಯೂ ಅವರನ್ನು ಎದುರುಗೊಳ್ಳುತ್ತದೆ.

ಬೆಂಗಳೂರಿನ ಪಶ್ಚಿಮದಲ್ಲಿ, ಮಲ್ಲತ್ತಹಳ್ಳಿಯ ನೆರೆಯಲ್ಲೇ, ಜ್ಞಾನಭಾರತಿಯ ಮಗ್ಗುಲಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರದ ನೇತಾಜಿ ಸುಭಾಷ್ ದಕ್ಷಿಣ ಕೇಂದ್ರವಿದೆ. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದ ಪುರುಷರ ಹಾಕಿ ತಂಡವೂ, ನಾಲ್ಕನೆಯ ಸ್ಥಾನ ಪಡೆದ ಮಹಿಳೆಯರ ತಂಡವೂ ಇಲ್ಲಿಯೇ ಅಭ್ಯಾಸ ನಡೆಸಿದ್ದವು. ಇಂತಹ ಕೇಂದ್ರಗಳಿಗೆ ನಾಡಿನ ಮೂಲೆಮೂಲೆಗಳಿಂದ ಮಕ್ಕಳು ಬರುತ್ತಾರೆ. ಒಬ್ಬರ ಮನೆಯಲ್ಲಿ ಮೀನು ಮಾಂಸವಿಲ್ಲದೆ ಊಟವಿಲ್ಲ; ಇನ್ನೊಬ್ಬರ ಮನೆಯಲ್ಲಿ ಮೊಟ್ಟೆಗೂ ಪ್ರವೇಶವಿಲ್ಲ. "ನಾನು ಸಸ್ಯಾಹಾರವನ್ನಷ್ಟೇ ಸೇವಿಸುವೆ" ಎಂದು ಓಟಗಾರ್ತಿಯೊಬ್ಬಳು ಹೇಳಿದಳೆಂದು ಭಾವಿಸಿರಿ. ಆಹಾರತಜ್ಞೆ ಅವಳ ನಂಬಿಕೆಯನ್ನು ತಿದ್ದಬೇಕೇ? ಅಥವಾ ನೋಯಿಸಬಾರದೆಂದು ಸುಮ್ಮನೆ ತಲೆದೂಗಬೇಕೇ?

ಮೊದಲು, ಅದು ಸಾಧ್ಯವೇ ಎಂದು ನೋಡೋಣ. ಬಾಲ್ಯದಿಂದ ಸಸ್ಯಾಹಾರಿಯಾಗಿದ್ದ ಆಸ್ಟ್ರೇಲಿಯದ ಈಜುಗಾರ ಮರ್ರೆ ರೋಸ್ 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಮೂರು ಚಿನ್ನ ಗೆದ್ದರು. ಅಮೆರಿಕದ ಕಾರ್ಲ್ ಲೂಯಿಸ್ 1990ರಲ್ಲಿ ಹಾಲು ಮೊಸರನ್ನೂ ತ್ಯಜಿಸಿ, ಮರುವರ್ಷ ಟೋಕಿಯೊದಲ್ಲಿ 100 ಮೀಟರ್ ಓಟವನ್ನು 9.86 ಸೆಕೆಂಡುಗಳಲ್ಲಿ ಮುಗಿಸಿ ವಿಶ್ವದಾಖಲೆ ಬರೆದರು. ಸಾಧ್ಯವೆಂಬುದು ನಿಶ್ಚಯ. ಆದರೆ ತಾನಾಗಿಯೇ ಸಾಧ್ಯವಾಗುವುದಿಲ್ಲ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸಿನಂತೆ ಸಾಮಾನ್ಯ ವಯಸ್ಕರಿಗೆ ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 0.83 ಗ್ರಾಂ ಪ್ರೋಟೀನ್ ಸಾಕು. 60 ಕಿಲೋ ತೂಕದವರಿಗೆ ಸುಮಾರು 50 ಗ್ರಾಂ. ಕಠಿಣ ಅಭ್ಯಾಸದಲ್ಲಿ ತೊಡಗಿದವರಿಗೆ 1.2ರಿಂದ 2 ಗ್ರಾಂ, ಅಂದರೆ 72ರಿಂದ 120 ಗ್ರಾಂ ಬೇಕೆಂದು ಕ್ರೀಡಾಪೋಷಣೆಯ ತಜ್ಞರು ಹೇಳುತ್ತಾರೆ. ನೂರು ಗ್ರಾಂ ರಾಗಿಹಿಟ್ಟಿನಲ್ಲಿ ಸುಣ್ಣದಂಶ ಸಮೃದ್ಧವಾಗಿದೆ, ಆದರೆ ಪ್ರೋಟೀನ್ ಸುಮಾರು 7 ಗ್ರಾಂ ಮಾತ್ರ. ಆದುದರಿಂದ ಮುದ್ದೆಯ ಜೊತೆಗೆ ಹುರಳಿ, ಅವರೆ, ತೊಗರಿ, ಸೋಯಾ ಧಾರಾಳವಾಗಿರಬೇಕು. ಧಾನ್ಯದ ಕೊರತೆಯನ್ನು ಕಾಳು ತುಂಬುತ್ತದೆ, ಕಾಳಿನ ಕೊರತೆಯನ್ನು ಧಾನ್ಯ ತುಂಬುತ್ತದೆ. ನಾರಿನಂಶ ಹೆಚ್ಚಾಗಿ, ಬೇಕಾದಷ್ಟು ಶಕ್ತಿ ದೊರೆಯುವ ಮೊದಲೇ ಹೊಟ್ಟೆ ತುಂಬಿಬಿಡುವುದೂ ಉಂಟು. ಆಗ ಕಡಲೆಕಾಯಿ, ಎಳ್ಳು, ಬಾಳೆಹಣ್ಣು ನೆರವಾಗುತ್ತವೆ. ಸೊಪ್ಪು ಕಾಳುಗಳ ಕಬ್ಬಿಣದಂಶವನ್ನು ದೇಹ ಸುಲಭವಾಗಿ ಹೀರಿಕೊಳ್ಳದು. ನಿಂಬೆರಸ ಅದಕ್ಕೆ ಸಹಾಯಕ, ಊಟದೊಡನೆ ಕುಡಿಯುವ ಕಾಫಿ ಚಹಾ ಅಡ್ಡಿ. ಋತುಸ್ರಾವದಲ್ಲಿ ರಕ್ತ ಕಳೆದುಕೊಳ್ಳುವ ಹೆಣ್ಣುಮಕ್ಕಳಿಗೆ ಈ ಎಚ್ಚರ ಇನ್ನೂ ಅಗತ್ಯ. ಹಾಲನ್ನೂ ಬಿಟ್ಟವರಿಗೆ ಬಿ-12 ಜೀವಸತ್ವವನ್ನು ಮಾತ್ರೆಯಿಂದಲೋ ಅದನ್ನು ಬೆರೆಸಿದ ಆಹಾರದಿಂದಲೋ ಒದಗಿಸಲೇಬೇಕು. ಏಕೆಂದರೆ ಸಸ್ಯಗಳು ಅದನ್ನು ಕೊಡಲಾರವು.

ಇಲ್ಲಿ ಎರಡು ಪ್ರಲೋಭನೆಗಳಿವೆ. ತನ್ನ ತತ್ತ್ವವನ್ನು ಮತ್ತೊಬ್ಬರ ತಟ್ಟೆಗೆ ಬಡಿಸುವುದು ಒಂದು. ಮಾಂಸವಿಲ್ಲದೆ ಬಲವಿಲ್ಲವೆಂದು ಹೆದರಿಸುವವರೂ, ಸೊಪ್ಪು ತಿಂದರೆ ಸಕಲವೂ ಸಿದ್ಧಿಸುವುದೆಂದು ನಂಬಿಸುವವರೂ ಇದನ್ನೇ ಮಾಡುತ್ತಾರೆ. ಎದುರಿಗಿರುವವರನ್ನು ಮೆಚ್ಚಿಸಲು ಕಹಿಸತ್ಯವನ್ನು ಮರೆಮಾಚುವುದು ಇನ್ನೊಂದು. ಎರಡರಲ್ಲೂ ಸೊರಗುವುದು ಆ ಹುಡುಗಿಯ ದೇಹವೇ.

ದಾನಿಯೇಲನ ಗ್ರಂಥದ ಮೊದಲ ಅಧ್ಯಾಯವನ್ನು ನೆನೆಯಿರಿ. ಅರಸನ ಭೋಜನವನ್ನೊಲ್ಲದ ದಾನಿಯೇಲನೂ ಗೆಳೆಯರೂ ಕಾಯಿಪಲ್ಯ, ನೀರು ಸಾಕೆಂದರು. ನಾವು ದಾನಿಯೇಲನ ನಿಷ್ಠೆಯನ್ನು ಕೊಂಡಾಡುತ್ತೇವೆ. ಅವರ ಊಟದ ಹೊಣೆ ಹೊತ್ತಿದ್ದ ಮೇಲ್ವಿಚಾರಕನನ್ನು ಮರೆಯುತ್ತೇವೆ. ಅವನು ಆ ಯುವಕರ ಅಂತಃಸಾಕ್ಷಿಯನ್ನು ಹೀಯಾಳಿಸಲಿಲ್ಲ, ಕಣ್ಣುಮುಚ್ಚಿ ಒಪ್ಪಲೂ ಇಲ್ಲ. ಹತ್ತು ದಿನ ಪರೀಕ್ಷಿಸಿ, ಅವರ ಮುಖಗಳನ್ನು ನೋಡಿ ತೀರ್ಮಾನಿಸಿದ. ಆ ಕಥೆ ಮಾಂಸಕ್ಕಿಂತ ತರಕಾರಿ ಮೇಲೆಂದು ಸಾರುವುದಿಲ್ಲ. ಸಂತ ಪೌಲರೂ ರೋಮನರಿಗೆ ಬರೆದ ಪತ್ರದಲ್ಲಿ, ಎಲ್ಲವನ್ನೂ ತಿನ್ನುವವನು ಮತ್ತು ತರಕಾರಿಯನ್ನಷ್ಟೇ ತಿನ್ನುವವನು ಪರಸ್ಪರ ತುಚ್ಛೀಕರಿಸದಿರಲೆಂದು ಬುದ್ಧಿ ಹೇಳುತ್ತಾರೆ. ಅಂತಃಸಾಕ್ಷಿಗೆ ಗೌರವ, ದೇಹಕ್ಕೆ ಸತ್ಯ: ಇವೆರಡನ್ನೂ ಒಟ್ಟಿಗೆ ನಡೆಸಿಕೊಂಡು ಹೋಗುವುದೇ ಆಹಾರತಜ್ಞರ ಧರ್ಮ.

ಈ ಧರ್ಮ ನಮ್ಮ ಅಡಿಗೆಮನೆಗೂ ಸಲ್ಲುತ್ತದೆ. ಆಟದಲ್ಲಿ ತೊಡಗಿರುವ ಮಗ ಇನ್ನು ಮಾಂಸ ಬೇಡವೆಂದರೆ ಗದರಬೇಡಿ. ಹೇಗೋ ಆಗಲೆಂದು ಕೈಬಿಡಲೂಬೇಡಿ. ಕಾರಣ ಕೇಳಿರಿ. ಬಲ್ಲವರ ಬಳಿಗೆ ಕರೆದೊಯ್ಯಿರಿ. ಪುಡಿಡಬ್ಬಿಗಳಿಗೆ ಸಾವಿರಾರು ರೂಪಾಯಿ ಸುರಿಯುವ ಮೊದಲು ಮೊಳಕೆಕಾಳು, ಬೇಳೆ, ಕಡಲೆಕಾಯಿಗಳ ಲೆಕ್ಕ ಹಾಕಿರಿ. ಬಡವರ ಮನೆಯ ಕ್ರೀಡಾಪಟುವಿಗೆ ಕೈಗೆಟುಕುವ ಆಹಾರ ಇದೇ. ಮೂರು ತಿಂಗಳು ಕಳೆದ ಮೇಲೆ ಅವನ ತೂಕ, ದಣಿವು, ರಕ್ತಪರೀಕ್ಷೆಯ ಫಲಿತಾಂಶಗಳನ್ನು ನೋಡಿರಿ. ಫಲಿತಾಂಶ ನಮ್ಮ ನಿರೀಕ್ಷೆಗೆ ವಿರುದ್ಧವಾಗಿದ್ದರೂ ಅದನ್ನು ಒಪ್ಪಿಕೊಳ್ಳುವ ನಮ್ರತೆ ಬಡಿಸುವವರಲ್ಲಿ ಇರಲಿ. ಅನ್ನವು ದೇವರ ದಾನ. ಅದು ಉಣ್ಣುವವರ ಒಳಿತಿಗಾಗಿ ನಮ್ಮ ಕೈ ಸೇರಿದೆ ಎಂಬುದನ್ನು ಮರೆಯದಿರೋಣ.